ಪಕ್ಕವಾದ್ಯದವನು ಬರೆದ ಒಂಟಿ ಕೊಳಲು

ಸೋಮನಾಥಪುರದ ದೇವಾಲಯವನ್ನು ನೋಡಿ ಬಂದಿರುವ ತಮ್ಮಲ್ಲಿ ಅನೇಕರಿಗೆ ಅಲ್ಲಿಯ ಮೂರು ಗರ್ಭಗುಡಿಗಳ ಪೈಕಿ ಒಂದರಲ್ಲಿ ನಿಂತಿರುವ ವೇಣುಗೋಪಾಲನ ನೆನಪು ಇದ್ದೇ ಇರಬೇಕು. ಕೊಳಲನ್ನು ತುಟಿಗೆ ಅಡ್ಡವಾಗಿ ಹಿಡಿದು, ಕಾಲನ್ನು ಓರೆಯಾಗಿಟ್ಟು ನಿಂತಿದ್ದಾನೆ. ಸುತ್ತಲೂ ಕೇಳುವವರ ಗುಂಪಿದೆ. ಹಸುಗಳು ಸಹ ಮೇವನ್ನು ಮರೆತು ಕಿವಿಗೊಟ್ಟಿವೆ. ಆ ಮೂರ್ತಿಯ ಮುಂದೆ ನಿಂತಾಗ ಇವನಿಗೆ ಶ್ರುತಿ ಹಿಡಿದವರು ಯಾರು, ತಾಳ ಹಾಕಿದವರು ಯಾರು ಎಂದು ನಾವು ಕೇಳುವುದಿಲ್ಲ. ದೇವರ ಕೊಳಲಿಗೆ ಅವುಗಳ ಹಂಗಿಲ್ಲವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ.

ಮನುಷ್ಯರ ಕೊಳಲಿನ ಮಾತು ಬೇರೆ. ನಮ್ಮ ಸಭೆಗಳಲ್ಲಿ ವಿದ್ವಾಂಸರು ಕೊಳಲನ್ನು ಕೈಗೆತ್ತಿಕೊಳ್ಳುವ ಮೊದಲೇ ತಂಬೂರಿ ಮಿಡಿಯುತ್ತಿರುತ್ತದೆ; ಎಡಬಲಗಳಲ್ಲಿ ಪಿಟೀಲು ಮೃದಂಗಗಳು ಸಿದ್ಧವಾಗಿರುತ್ತವೆ. ಯೂರೋಪಿನಲ್ಲಿಯೂ ಇದಕ್ಕೆ ಸಮನಾದ ಪದ್ಧತಿಯೇ ಇತ್ತು. ಹದಿನೆಂಟನೆಯ ಶತಮಾನದಲ್ಲಿ ಕೊಳಲಿನ ಕೃತಿಯೆಂದರೆ ಮೇಲೆ ಕೊಳಲಿನ ಪಂಕ್ತಿ, ಕೆಳಗೆ ಮಂದ್ರದ ಪಂಕ್ತಿ. ಈ ಎರಡರ ನಡುವಣ ಅವಕಾಶವನ್ನು ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯದವನು ಸ್ವರಮೇಳಗಳಿಂದ ತುಂಬಿಕೊಂಡು ಹೋಗಬೇಕು. ಆತನಿಗೆ ಪೂರ್ಣವಾದ ಪಾಠವನ್ನು ಬರೆದುಕೊಡುವ ಕ್ರಮವಿರಲಿಲ್ಲ. ಮಂದ್ರಸ್ವರಗಳೂ ಅವುಗಳೊಡನೆ ಕೆಲವು ಅಂಕಿಗಳೂ ಇರುತ್ತಿದ್ದವು. ಅಂಕಿಗಳನ್ನು ಕಂಡ ಕ್ಷಣದಲ್ಲಿಯೇ ಸ್ವರಮೇಳವನ್ನು ಊಹಿಸಿಕೊಂಡು, ಮುಖ್ಯ ವಾದಕನ ಉಸಿರನ್ನೂ ಲಹರಿಯನ್ನೂ ಅನುಸರಿಸಿ, ತಾನು ಕಾಣಿಸಿಕೊಳ್ಳದಂತೆ ನುಡಿಸುವುದೇ ಆತನ ವಿದ್ಯೆ. ಈ ಮರೆಯ ವಿದ್ಯೆಯಲ್ಲಿ ತನ್ನ ಕಾಲದಲ್ಲಿ ಅಗ್ರಗಣ್ಯನಾಗಿದ್ದ ಒಬ್ಬ ಸಂಗೀತಗಾರನು 1747ರಲ್ಲಿ ಒಂದು ಕೊಳಲಿನ ಕೃತಿಯನ್ನು ರಚಿಸಿ, ಅದರಲ್ಲಿ ತನಗೇ ಸ್ಥಳವಿಲ್ಲದಂತೆ ಮಾಡಿಕೊಂಡನು. ಆ ಕೃತಿಯ ಚರಿತ್ರೆಯನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

ಆತನ ಹೆಸರು ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್. ಮಹಾ ವಾಗ್ಗೇಯಕಾರನಾದ ಯೋಹಾನ್ ಸೆಬಾಸ್ಟಿಯನ್ ಬಾಖನ ಎರಡನೆಯ ಮಗನೆಂದು ಸಾಮಾನ್ಯವಾಗಿ ಪರಿಚಯ ಮಾಡಿಕೊಡುತ್ತಾರೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿಯಾದರೋ, ಬಾಖ್ ಎಂದರೆ ಯೂರೋಪಿನ ಬಹುಮಂದಿಗೆ ಈ ಮಗನೇ ಹೊರತು ತಂದೆಯಲ್ಲ. 1714ರಲ್ಲಿ ವೈಮಾರಿನಲ್ಲಿ ಜನನ; ಲೈಪ್ಜಿಗ್ ಮತ್ತು ಓಡರ್ ನದಿಯ ಮೇಲಣ ಫ್ರಾಂಕ್‌ಫರ್ಟ್ ನಗರಗಳಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗ. ಲಾ ಓದಿ ಸಂಗೀತಕ್ಕೆ ಬಿದ್ದವರು ನಮ್ಮ ನಾಡಿನಲ್ಲಿಯೂ ಇರುವುದರಿಂದ ಇದನ್ನು ನಾನು ವಿಶೇಷವೆಂದು ಹೇಳಲಾರೆ. 1738ರಲ್ಲಿ, ಓದು ಮುಗಿಯುವ ಹೊತ್ತಿಗೆ, ಆತನಿಗೆ ಪ್ರಷ್ಯಾದ ಯುವರಾಜನಿಂದ ಕರೆ ಬಂತು.

ಈ ಯುವರಾಜನೇ ಮುಂದೆ ಚರಿತ್ರೆಯಲ್ಲಿ ಮಹಾ ಫ್ರೆಡರಿಕ್ ಎಂದು ಹೆಸರಾದವನು. ಆತನ ದಂಡಯಾತ್ರೆಗಳನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾರೆ. ಆತನ ಕೊಳಲಿನ ವಿಷಯ ಪಠ್ಯಪುಸ್ತಕದಲ್ಲಿ ಒಂದು ವಾಕ್ಯಕ್ಕೆ ಮೀರುವುದಿಲ್ಲ. ಇದು ಅನ್ಯಾಯವೆಂದು ನನ್ನ ಭಾವನೆ, ಏಕೆಂದರೆ ಕೊಳಲು ಆತನಿಗೆ ಕೇವಲ ವಿನೋದದ ಸಾಧನವಾಗಿರಲಿಲ್ಲ. ತಂದೆಯಾದ ಫ್ರೆಡರಿಕ್ ವಿಲಿಯಂ ದೊರೆಗೆ ಸೈನ್ಯವೊಂದನ್ನುಳಿದು ಮತ್ತಾವುದರಲ್ಲಿಯೂ ಆಸಕ್ತಿಯಿಲ್ಲ. ಕೊಳಲೂದುವ ಮಗನನ್ನು ಕಂಡರೆ ಆತನಿಗೆ ತಿರಸ್ಕಾರ. 1728ರಲ್ಲಿ ಡ್ರೆಸ್ಡನ್ ಆಸ್ಥಾನದಲ್ಲಿ ಯೋಹಾನ್ ಯೋಆಖಿಮ್ ಕ್ವಾಂಟ್ಸ್ ಎಂಬ ವೇಣುವಿದ್ವಾಂಸನ ವಾದನವನ್ನು ಕೇಳಿದ ಹದಿನಾರರ ಯುವರಾಜನು ಅವನಿಂದ ಪಾಠ ಹೇಳಿಸಿಕೊಳ್ಳತೊಡಗಿದನು. ಪಾಠದ ಮಧ್ಯೆ ದೊರೆಯು ಅನಿರೀಕ್ಷಿತವಾಗಿ ಬಂದುಬಿಟ್ಟಾಗ ಗುರುವು ಕೊಳಲುಗಳೊಡನೆ ಕಿರುಕೋಣೆಯಲ್ಲಿ ಅವಿತುಕೊಂಡನೆಂದೂ, ಶಿಷ್ಯನು ತೊಟ್ಟಿದ್ದ ಬೂಟೆಯ ಉಡುಪನ್ನು ದೊರೆಯು ಬೆಂಕಿಗೆ ಹಾಕಿಸಿದನೆಂದೂ ಒಂದು ಕಥೆಯುಂಟು. ಕಥೆ ನಗು ತರಿಸುತ್ತದೆ. ಮುಂದೆ ನಡೆದುದು ನಗುವ ವಿಷಯವಲ್ಲ. 1730ರಲ್ಲಿ ಯುವರಾಜನು ತಂದೆಯಿಂದ ತಪ್ಪಿಸಿಕೊಂಡು ದೇಶ ಬಿಟ್ಟು ಓಡಲು ಯತ್ನಿಸಿ ಸಿಕ್ಕಿಬಿದ್ದನು. ಅವನಿಗೆ ನೆರವಾಗಿದ್ದ ಕಾಟೆ ಎಂಬ ಗೆಳೆಯನಿಗೆ ಅದೇ ವರ್ಷದ ನವೆಂಬರ್ 6ರಂದು ಕ್ಯೂಸ್ಟ್ರಿನ್ ಕೋಟೆಯಲ್ಲಿ, ಸೆರೆಯಲ್ಲಿದ್ದ ಯುವರಾಜನ ಕಿಟಕಿಯ ಕೆಳಗಡೆಯೇ ಶಿರಶ್ಛೇದವಾಯಿತು. ಇಂತಹ ಯೌವನವನ್ನು ಕಳೆದವನು ಮುಂದೆ ಸಿಂಹಾಸನವೇರಿದ ಮೇಲೆ, ಊರಿನಲ್ಲಿದ್ದ ದಿನಗಳ ಸಂಜೆಯನ್ನೆಲ್ಲ ಕೊಳಲಿಗೇ ಮೀಸಲಿಟ್ಟನೆಂದರೆ ಅದರ ಅರ್ಥವನ್ನು ತಾವೇ ಊಹಿಸಬಹುದು.

ಫ್ರೆಡರಿಕ್ ಪಟ್ಟಕ್ಕೆ ಬಂದದ್ದು 1740ರಲ್ಲಿ. ದೊರೆಯಾದ ಬಳಿಕ ಆತನು ನುಡಿಸಿದ ಮೊದಲನೆಯ ಕೊಳಲಿನ ಕೃತಿಗೆ ಷಾರ್ಲಾಟನ್‌ಬರ್ಗ್ ಅರಮನೆಯಲ್ಲಿ ತಾನೊಬ್ಬನೇ ಹಾರ್ಪ್ಸಿಕಾರ್ಡಿನಲ್ಲಿ ಪಕ್ಕವಾದ್ಯ ನುಡಿಸಿದ ಸೌಭಾಗ್ಯವನ್ನು ಎಮಾನುಯೆಲ್ ಬಾಖ್ 1773ರಲ್ಲಿ ಪ್ರಕಟವಾದ ತನ್ನ ಸಂಕ್ಷಿಪ್ತ ಆತ್ಮಚರಿತ್ರೆಯಲ್ಲಿ ನೆನೆದುಕೊಂಡಿದ್ದಾನೆ. ಆ ವೇಳೆಗೆ ಆತನು ಪ್ರಷ್ಯಾದ ಸೇವೆಯನ್ನು ಬಿಟ್ಟು ಐದು ವರ್ಷಗಳಾಗಿದ್ದವು. ಆದರೂ ಮರೆತಿರಲಿಲ್ಲ.

ಆಸ್ಥಾನದ ಸಂಬಳದ ಲೆಕ್ಕವನ್ನು ನೋಡಿದರೆ ಈ ಸೌಭಾಗ್ಯದ ಬೆಲೆ ಗೊತ್ತಾಗುತ್ತದೆ. 1741ರಲ್ಲಿ ಬರ್ಲಿನ್ನಿಗೆ ಬಂದು ನೆಲಸಿದ ಕ್ವಾಂಟ್ಸನಿಗೆ ವರ್ಷಕ್ಕೆ 2000 ಥಾಲರ್ ವೇತನ. ಅದಲ್ಲದೆ ರಚಿಸಿದ ಕೃತಿಗಳಿಗೂ ತಯಾರಿಸಿಕೊಟ್ಟ ಕೊಳಲುಗಳಿಗೂ ಪ್ರತ್ಯೇಕವಾದ ಸಂಭಾವನೆ. ಬಾಖನಿಗೆ 300 ಥಾಲರ್. 1755ರಲ್ಲಿ ಕೆಲಸ ಬಿಡುವ ಮಾತನ್ನೆತ್ತಿದ ಮೇಲೆ ಅದು 500ಕ್ಕೆ ಏರಿತು. ದೊರೆಯು ಕೊಳಲು ನಿಲ್ಲಿಸಿದಾಗ ‘ಭೇಷ್’ ಎನ್ನುವ ಅಧಿಕಾರವೂ ಕ್ವಾಂಟ್ಸನೊಬ್ಬನಿಗೇ ಇದ್ದಿತಂತೆ. ಸುಮಾರು 300 ಕನ್ಸರ್ಟೋಗಳನ್ನು ಆತನು ಈ ಒಬ್ಬ ಶಿಷ್ಯನಿಗಾಗಿಯೇ ಬರೆದನು. ದೊರೆ ತಾನೇ ರಚಿಸಿಕೊಂಡ ಸೊನಾಟಗಳು 121. ಸಂಜೆಯ ಗೋಷ್ಠಿಗಳಲ್ಲಿ ಈ ಭಂಡಾರವೇ ಸರದಿಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. ಇಂಗ್ಲೆಂಡಿನ ಸಂಗೀತಚರಿತ್ರಕಾರ ಚಾರ್ಲ್ಸ್ ಬರ್ನಿ 1772ರಲ್ಲಿ ಪಾಟ್ಸ್‌ಡಾಮಿಗೆ ಹೋಗಿ ಈ ವಾದನವನ್ನು ಕೇಳಿ ಮನಸಾರೆ ಹೊಗಳಿದ್ದಾನೆ. ದೊರೆಯ ವಿಳಂಬಕಾಲದ ವಾದನ ವಿಶೇಷವಾಗಿ ಅವನಿಗೆ ಹಿಡಿಸಿತು. ಆದ್ದರಿಂದ ಫ್ರೆಡರಿಕ್ ಅರಸುತನದ ಬಲದಿಂದ ಮಾತ್ರ ವಿದ್ವಾಂಸನೆನಿಸಿಕೊಂಡವನಲ್ಲ. ಅನೇಕ ವಾದ್ಯಗಳನ್ನು ಬಲ್ಲವರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡ ಮೈಸೂರಿನವರಾದ ನಮಗೆ, ಅರಸನಾದವನು ನಿಜವಾದ ಸಂಗೀತಗಾರನೂ ಆಗಬಹುದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಅರಸನಿಗೆ ಪಕ್ಕವಾದ್ಯ ನುಡಿಸುವವನ ಕಷ್ಟ ಅರಸನಿಗೆ ಗೊತ್ತಾಗುವಂತಹುದಲ್ಲ. ದೊರೆಯ ವಾದನವನ್ನು ಕೇಳಿದ ಅತಿಥಿಯೊಬ್ಬನು “ಆಹಾ, ಎಂತಹ ಲಯ!” ಎಂದು ಉದ್ಗರಿಸಲು, ಹಾರ್ಪ್ಸಿಕಾರ್ಡಿನ ಮುಂದಿದ್ದ ಬಾಖನು “ಎಷ್ಟೊಂದು ಲಯಗಳು!” ಎಂದು ತಿದ್ದಿದನಂತೆ. ಇದು ನಡೆದದ್ದೋ ಕಟ್ಟಿದ್ದೋ. ನಮ್ಮ ಮೃದಂಗ ವಿದ್ವಾಂಸರೊಬ್ಬರಿಗೆ ನಾನು ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನಕ್ಕು, ಆಮೇಲೆ ಏನೋ ನೆನಪಾದವರಂತೆ ಸುಮ್ಮನಾದರು.

ಈಗ 1747ನೆಯ ಇಸವಿಗೆ ಬರೋಣ. ಆ ವರ್ಷದ ಮೇ ತಿಂಗಳಿನಲ್ಲಿ ಪಾಟ್ಸ್‌ಡಾಮಿನ ಸಾನ್‌ಸೂಸಿ ಎಂಬ ಹೊಸ ಅರಮನೆಯ ಗೃಹಪ್ರವೇಶವಾಯಿತು. ಅದೇ ತಿಂಗಳ 7ರಂದು, ಅರುವತ್ತೆರಡು ವಯಸ್ಸಿನ ತಂದೆ ಬಾಖನು ಮಗನಿರುವ ಆಸ್ಥಾನಕ್ಕೆ ಬಂದನು. ದೊರೆಯು ಒಂದು ಸ್ವರಪಂಕ್ತಿಯನ್ನು ಕೊಟ್ಟು ಅದರ ಮೇಲೆ ಆಶುವಾಗಿ ನುಡಿಸಬೇಕೆಂದು ಕೇಳಿದ್ದೂ, ಮುದುಕನು ಅದನ್ನು ಅಲ್ಲಿಯೇ ಮೂರು ಧ್ವನಿಗಳ ಫ್ಯೂಗ್ ಆಗಿ ಬೆಳೆಸಿದ್ದೂ ಪ್ರಸಿದ್ಧವಾದ ಸಂಗತಿ. ಲೈಪ್ಜಿಗಿಗೆ ಹಿಂದಿರುಗಿ ಆ ಪಂಕ್ತಿಯ ಮೇಲೆಯೇ ‘ಸಂಗೀತ ಕಾಣಿಕೆ’ಯೆಂಬ ಕೃತಿಸಮೂಹವನ್ನು ರಚಿಸಿ, ಜುಲೈ ತಿಂಗಳಿನಲ್ಲಿ ದೊರೆಗೆ ಅರ್ಪಿಸಿದನು. ಅದರಲ್ಲಿ ಕೊಳಲು, ಪಿಟೀಲು ಮತ್ತು ಮಂದ್ರವಾದ್ಯಗಳಿಗಾಗಿ ಬರೆದ ಒಂದು ಸೊನಾಟವಿದೆ. ಕೊಳಲೂದುವ ಅರಸನಿಗೆ ಸಲ್ಲುವ ಮರ್ಯಾದೆ ಅದು. ತಂದೆಯ ಈ ಕಾಣಿಕೆಯನ್ನು ಲೋಕವೆಲ್ಲ ಬಲ್ಲದು. ಅದೇ ವರ್ಷ ಮಗನು ಬರ್ಲಿನ್ನಿನಲ್ಲಿ ಬರೆದ ಕೃತಿಯು ಕೊಳಲು ಅಭ್ಯಾಸ ಮಾಡುವವರ ವಲಯವನ್ನು ಬಿಟ್ಟು ಹೊರಗೆ ಅಷ್ಟಾಗಿ ಬಂದಿಲ್ಲ. ಆತನ ಮರಣಾನಂತರ 1790ರಲ್ಲಿ ಹ್ಯಾಂಬರ್ಗಿನಲ್ಲಿ ಪ್ರಕಟವಾದ ಆಸ್ತಿಪಟ್ಟಿಯಲ್ಲಿ ಪ್ರತಿಯೊಂದು ಕೃತಿಯ ಮುಂದೆಯೂ ರಚನೆಯ ಊರು ಮತ್ತು ವರ್ಷಗಳು ನಮೂದಾಗಿರುವುದರಿಂದ ಕಾಲದ ವಿಷಯದಲ್ಲಿ ಸಂದೇಹವಿಲ್ಲ. ಎ ಮೈನರ್ ಶ್ರುತಿಯ ಸೊನಾಟ, ಕೊಳಲು ಮಾತ್ರ, ಮಂದ್ರದ ಪಂಕ್ತಿಯಿಲ್ಲ.

ಈ ಕೃತಿಯ ಹೊರಮೈಯಲ್ಲಿ ಯಾವ ದಂಗೆಯೂ ಕಾಣುವುದಿಲ್ಲ. ಮೂರು ಭಾಗಗಳು: ಮೊದಲು ವಿಳಂಬ, ಅನಂತರ ದ್ರುತ, ಮತ್ತೊಮ್ಮೆ ದ್ರುತ. ಬರ್ಲಿನ್ನಿನ ಕೊಳಲು ಸೊನಾಟಗಳಲ್ಲಿ ದೊರೆಗೂ ಕ್ವಾಂಟ್ಸನಿಗೂ ಪ್ರಿಯವಾಗಿದ್ದ ಕ್ರಮವೇ ಇದು. ಆಸ್ಥಾನದ ಅಚ್ಚನ್ನೇ ತೆಗೆದುಕೊಂಡು, ಆ ಅಚ್ಚಿನೊಳಗಿಂದ ತನ್ನ ಕುರ್ಚಿಯನ್ನು ಮಾತ್ರ ಬಾಖನು ಹೊರಗಿಟ್ಟಿದ್ದಾನೆ.

ಹಾಗಾದರೆ ಆ ಕುರ್ಚಿಯ ಕೆಲಸವನ್ನು ಮಾಡುವವರು ಯಾರು? ಕೊಳಲು ಒಮ್ಮೆಗೆ ಒಂದೇ ಸ್ವರವನ್ನು ಕೊಡಬಲ್ಲ ವಾದ್ಯ. ಪಿಟೀಲಿನಲ್ಲಿ ಎರಡು ತಂತಿಗಳನ್ನು ಒಟ್ಟಿಗೆ ಮೀಟಬಹುದು. ಕೊಳಲಿಗೆ ಆ ಉಪಾಯವೂ ಇಲ್ಲ. ಬಾಖನು ಮಾಡಿರುವುದು ಹೀಗೆ: ಮಧುರವಾಗಿ ಸಾಗುತ್ತಿರುವ ಮೇಲಿನ ಪಂಕ್ತಿ ಇದ್ದಕ್ಕಿದ್ದಂತೆ ಕೆಳಕ್ಕೆ ಧುಮುಕಿ ಒಂದೆರಡು ಮಂದ್ರಸ್ವರಗಳನ್ನು ಮುಟ್ಟಿ ಮತ್ತೆ ಮೇಲಕ್ಕೆ ಹಾರುತ್ತದೆ. ಮುಟ್ಟಿ ಬಿಟ್ಟ ಆ ಸ್ವರ ನಿಂತುಹೋಗಿದ್ದರೂ ಕೇಳುವವನ ಕಿವಿಯಲ್ಲಿ ನಿಲ್ಲುವುದಿಲ್ಲ. ಮೇಲಿನ ಹಾಡಿಕೆಯ ಕೆಳಗೆ ಮುಂದುವರಿಯುತ್ತಲೇ ಇರುತ್ತದೆ. ಇನ್ನೊಮ್ಮೆ ಕೊಳಲು ಕೆಳಗಿಳಿದಾಗ ಹಿಂದೆ ಬಿಟ್ಟ ಜಾಗದಿಂದಲೇ ಮಂದ್ರವನ್ನು ಎತ್ತಿಕೊಂಡಂತಾಗುತ್ತದೆ. ಹೀಗೆ ಒಬ್ಬನ ಉಸಿರಿನಲ್ಲಿ ಇಬ್ಬರ ಸಂವಾದ ನಡೆಯುತ್ತದೆ, ನಡುವಣ ಸ್ವರಮೇಳವನ್ನು ಶ್ರೋತೃವೇ ತನ್ನ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ. ಹಲವು ವರ್ಷಗಳ ಕಾಲ ರಾತ್ರಿಯ ಮೇಲೆ ರಾತ್ರಿ ಅಂಕಿಗಳನ್ನು ನೋಡಿ ಸ್ವರಮೇಳವನ್ನು ಊಹಿಸಿ ತುಂಬಿದ ಬಾಖನು, ಆ ಕೆಲಸವನ್ನು ಈ ಕೃತಿಯಲ್ಲಿ ಕೇಳುವವರಿಗೆ ವಹಿಸಿಬಿಟ್ಟನು. ಪಕ್ಕವಾದ್ಯದ ಮರ್ಮವನ್ನು ಒಳಗಿನಿಂದ ಬಲ್ಲವನಲ್ಲದೆ ಇನ್ನೊಬ್ಬನಿಗೆ ಇದು ಇಷ್ಟು ಸೂಕ್ಷ್ಮವಾಗಿ ಸಾಧ್ಯವಾಗುತ್ತಿತ್ತೆಂದು ನನಗೆ ತೋರುವುದಿಲ್ಲ.

ಅಂದಿನ ಕೊಳಲಿನ ಸ್ವರೂಪವನ್ನೂ ಇಲ್ಲಿ ಗಮನಿಸಬೇಕು. ಇಂದಿನ ಪಾಶ್ಚಾತ್ಯ ಕೊಳಲಿನಂತೆ ಅದು ಬೆಳ್ಳಿಯ ಕೊಳವೆಯಲ್ಲ, ಹತ್ತಾರು ಕೀಲಿಗಳ ಯಂತ್ರವೂ ಅಲ್ಲ. ಮರದಲ್ಲಿಯೋ ದಂತದಲ್ಲಿಯೋ ಮಾಡಿದ ವಾದ್ಯ. ಬೆರಳಿಗೆ ಆರು ರಂಧ್ರ, ಒಂದು ಕೀಲಿ. ಕ್ವಾಂಟ್ಸನು ಎರಡನೆಯ ಕೀಲಿಯನ್ನು ಸೇರಿಸಿದ್ದನು. ಇಂತಹ ವಾದ್ಯದಲ್ಲಿ ಕೆಲವು ಸ್ವರಗಳು ಸಹಜವಾಗಿ ತುಂಬಿ ಬರುತ್ತವೆ. ಮತ್ತೆ ಕೆಲವನ್ನು ಬೆರಳುಗಳನ್ನು ಅಡ್ಡಾದಿಡ್ಡಿಯಾಗಿ ಮುಚ್ಚಿ ಹೊರಡಿಸಬೇಕಾಗಿ, ಅವು ತೆರೆಯ ಹಿಂದಿನಿಂದ ಬಂದಂತೆ ಮಂಕಾಗಿ ಕೇಳುತ್ತವೆ. ಎ ಮೈನರ್ ಶ್ರುತಿಯನ್ನು ಹಿಡಿದವನಿಗೆ ಈ ಮಂಕು ಸ್ವರಗಳು ಪದೇ ಪದೇ ಎದುರಾಗುತ್ತವೆ. ನಮ್ಮವರಿಗೆ ತಿಳಿಯುವಂತೆ ಹೇಳಬೇಕಾದರೆ ಈ ಶ್ರುತಿಯ ಸ್ವರಸ್ಥಾನಗಳು ನಟಭೈರವಿ ಕೀರವಾಣಿಗಳ ನಡುವೆ ಓಡಾಡುತ್ತವೆ. ಅಲ್ಲಿಯ ಧೈವತವೂ ಕಾಕಲಿ ನಿಷಾದವೂ ಆ ಹಳೆಯ ಕೊಳಲಿನ ದುರ್ಬಲ ಸ್ಥಾನಗಳು. ರಾಗದ ಲಕ್ಷಣವನ್ನು ಅಲ್ಲಿ ಹುಡುಕಲು ಹೊರಟರೆ ನಿರಾಶೆಯಾದೀತು; ಸ್ವರಸ್ಥಾನದ ಮಟ್ಟಿಗೆ ಮಾತ್ರ ಈ ಹೋಲಿಕೆ. ಸುಲಭವಾಗಿ ಮೆರೆಯಬಹುದಾದ ಶ್ರುತಿಗಳನ್ನು ಬಿಟ್ಟು ಬಾಖನು ಈ ಅರೆಬೆಳಕಿನ ಶ್ರುತಿಯನ್ನು ಆರಿಸಿಕೊಂಡನು, ಮೂರು ಭಾಗಗಳಲ್ಲಿಯೂ ಅದನ್ನು ಬಿಡಲಿಲ್ಲ. ವಾದಕನು ತಾನೇ ಭಾವಪರವಶನಾಗದೆ ಕೇಳುವವರನ್ನು ಪರವಶಗೊಳಿಸಲಾರನೆಂದು 1753ರ ತನ್ನ ಶಾಸ್ತ್ರಗ್ರಂಥದಲ್ಲಿ ಬರೆದವನು ಅವನು. ಆ ಗ್ರಂಥಕ್ಕೆ ಆರು ವರ್ಷಗಳ ಮೊದಲೇ ಅದರ ಪ್ರಯೋಗ ಇಲ್ಲಿ ನಡೆದಿದೆ.

ವಿಳಂಬಭಾಗದ ಕೊನೆಯ ಹತ್ತಿರ ಒಂದು ಕಡೆ ಸ್ವರದ ಮೇಲೆ ನಿಲುಗಡೆಯ ಗುರುತಿದೆ. ಅಲ್ಲಿ ವಾದಕನು ಬರೆದ ಪಾಠವನ್ನು ಬಿಟ್ಟು ಸ್ವಂತ ಕಲ್ಪನೆಯಿಂದ ಕೊಂಚ ಹೊತ್ತು ನುಡಿಸಬಹುದು. ನಮ್ಮವರ ಮನೋಧರ್ಮಕ್ಕೆ ಹತ್ತಿರವಾದ ಪದ್ಧತಿ. ಸಾಮಾನ್ಯವಾದ ಸೊನಾಟದಲ್ಲಿ ಇಂತಹ ಸ್ಥಳ ಬಂದಾಗ ಪಕ್ಕವಾದ್ಯದವನು ಕೈಕಟ್ಟಿ ಕಾಯಬೇಕು. ದೊರೆ ಯಾವಾಗ ಮುಗಿಸುವನೋ ಎಂದು ಎಮಾನುಯೆಲ್ ಬಾಖ್ ಎಷ್ಟು ಸಂಜೆಗಳಲ್ಲಿ ಕಾದಿದ್ದನೋ! ಈ ಕೃತಿಯಲ್ಲಿ ಕಾಯುವವರು ಯಾರೂ ಇಲ್ಲ.

ಕೊಳಲನ್ನು ಹೀಗೆ ಒಂಟಿಯಾಗಿ ಬಿಟ್ಟವರಲ್ಲಿ ಈತನೇ ಮೊದಲಿಗನಲ್ಲ. ಅವನ ಜ್ಞಾನಪಿತೃವಾಗಿ ನಾಮಕರಣಕ್ಕೆ ನಿಂತಿದ್ದ ಟೆಲಿಮಾನನು 1730ರ ದಶಕದ ಆದಿಯಲ್ಲಿಯೇ ಮಂದ್ರವಿಲ್ಲದ ಹನ್ನೆರಡು ಕಲ್ಪನಾಕೃತಿಗಳನ್ನು ಅಚ್ಚು ಮಾಡಿಸಿದ್ದನು. ಅವು ಲಲಿತವಾಗಿವೆ, ಚತುರವಾಗಿವೆ, ಹೆಚ್ಚು ಹೇಳಬೇಕಾಗಿಲ್ಲ. ಇದಕ್ಕೂ ಮುಖ್ಯವಾದುದು ತಂದೆ ಬಾಖನದೇ ಆದ ಒಂದು ಏಕವೇಣುಕೃತಿ. ಅದರ ಶ್ರುತಿಯೂ ಎ ಮೈನರ್. ನಾಲ್ಕು ನೃತ್ಯಭಾಗಗಳುಳ್ಳ ಅದು ಆತನ ಕೈಬರಹದಲ್ಲಿ ಉಳಿದುಬಂದಿಲ್ಲ. 1720ರ ದಶಕದ ಆದಿಯ ಒಂದು ಪ್ರತಿ, ಆತನ ಒಂಟಿ ಪಿಟೀಲಿನ ಕೃತಿಗಳ ಪ್ರತಿಯೊಡನೆ ಸೇರಿಕೊಂಡು ಬದುಕಿತು. ಅದು ಅಚ್ಚಾದದ್ದು 1917ರಲ್ಲಿ, ಸುಮಾರು ಎರಡು ಶತಮಾನಗಳ ಅನಂತರ. ಅದರ ಮೊದಲನೆಯ ಭಾಗದಲ್ಲಿ ಸ್ವರಗಳು ಸಮಪ್ರಮಾಣದ ಹರಿವಾಗಿ ಬರುತ್ತವೆ. ಉಸಿರು ತೆಗೆದುಕೊಳ್ಳಲು ಒಂದು ವಿರಾಮವನ್ನೂ ಬರೆದಿಲ್ಲ. ಕೊನೆಗೆ ಅಂದಿನ ಕೊಳಲಿನ ನೆತ್ತಿಗೇ ಹತ್ತಿ ನಿಲ್ಲುತ್ತದೆ. ಕೊಳಲಿನವನೂ ಉಸಿರಾಡುವ ಪ್ರಾಣಿಯೆಂಬುದನ್ನು ಆ ಮಹಾನುಭಾವನು ಮರೆತಂತಿದೆ. ಮಗನು ಮರೆಯಲಿಲ್ಲ. ಆತನ ವಿಳಂಬಭಾಗದಲ್ಲಿ ವಾಕ್ಯಗಳು ನಡುವೆ ಕಡಿಯುತ್ತವೆ, ತಡೆಯುತ್ತವೆ, ಮಾತನ್ನು ನುಂಗಿಕೊಂಡವನಂತೆ ಮೌನವಾಗಿ ಮತ್ತೆ ತೊಡಗುತ್ತವೆ. ಉಸಿರಿಗಾಗಿ ಬಿಟ್ಟ ತೆರಪೇ ಭಾವಕ್ಕೂ ಸ್ಥಳವಾಯಿತು.

ನನ್ನ ಸಹೋದ್ಯೋಗಿಗಳಲ್ಲಿ ವೀಣೆಯನ್ನು ಅಭ್ಯಾಸ ಮಾಡಿದ ಸಂಸ್ಕೃತ ಪಂಡಿತರೊಬ್ಬರಿದ್ದಾರೆ. ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಈ ಸೊನಾಟದ ಧ್ವನಿಮುದ್ರಿಕೆಯನ್ನು ಕೇಳಿಸಿದೆ. ಮೊದಲಿಗೆ, “ಏನು ಸ್ವಾಮಿ, ತಂಬೂರಿಯವನು ಎದ್ದುಹೋಗಿದ್ದಾನೆಯೆ?” ಎಂದರು. ವಿಳಂಬಭಾಗ ಮುಗಿಯುವವರೆಗೂ ತಲೆಬಾಗಿ ಕುಳಿತಿದ್ದರು. ಮುಗಿದ ಮೇಲೆ ಅವರು ಹೇಳಿದ ಮಾತು: “ತಂಬೂರಿ ಎದ್ದುಹೋಗಿಲ್ಲ, ಒಳಗೆ ಹೋಗಿ ಕೂತಿದೆ.” ಇದನ್ನು ನಾನು ಯಾವ ಆಂಗ್ಲ ಗ್ರಂಥದಲ್ಲಿಯೂ ಓದಿಲ್ಲ. ಪೂರ್ತಿ ಸರಿಯೆಂದೂ ಹೇಳಲಾರೆ, ಏಕೆಂದರೆ ತಂಬೂರಿ ಅಲುಗದ ಆಧಾರ. ಬಾಖನ ಮಂದ್ರವೋ ಹೆಜ್ಜೆ ಹೆಜ್ಜೆಗೂ ಸ್ಥಾನ ಬದಲಿಸುತ್ತದೆ. ಆದರೂ ಆ ಮಾತು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ದೊರೆಗೆ ಅತೃಪ್ತ ಸೇವಕನು ಕೊಟ್ಟ ಉತ್ತರವಿದೆಂದು ಕಥೆ ಕಟ್ಟುವುದು ಸುಲಭ, ಆಕರ್ಷಕವೂ ಹೌದು. ನಾನು ಹಾಗೆ ಕಟ್ಟಲಾರೆ. ಬಾಖನಿಗೆ ಅಸಮಾಧಾನವಿತ್ತೆಂಬುದಕ್ಕೆ ಸಂಬಳದ ಪತ್ರಗಳೇ ಸಾಕ್ಷಿ. ಆದರೆ ಈ ಸೊನಾಟದಲ್ಲಿ ಕೋಪದ ಧ್ವನಿಯಿಲ್ಲ. ಕೇಳಿಬರುವುದು ಏಕಾಂತದ ಧ್ವನಿ. ತನ್ನ ಕಲ್ಪನೆಗಳನ್ನು ಅರಮನೆಯ ಸಂಜೆಗಳಿಗೆ ತರಲು ಅವಕಾಶವಿಲ್ಲದವನು ಮನೆಯಲ್ಲಿ ಕುಳಿತು, ಆ ಅರಮನೆಗೆ ಪ್ರಿಯವಾದ ವಾದ್ಯಕ್ಕೇ ಬರೆದದ್ದು. ಪ್ರಕಟಣೆಯ ರೀತಿಯೂ ಅದಕ್ಕೆ ತಕ್ಕಂತೆಯೇ ಆಯಿತು. ಏಳು ವರ್ಷಗಳ ಯುದ್ಧ 1756ರಲ್ಲಿ ಆರಂಭವಾಗಿ, ದೊರೆ ದಂಡಿನಲ್ಲಿಯೇ ಇರಬೇಕಾಗಿ ಬಂದು, ಆಸ್ಥಾನದ ಸಂಗೀತ ಬಡವಾಯಿತು. ಯುದ್ಧ ನಿಂತದ್ದು 1763ರಲ್ಲಿ. ರಚನೆಯಾಗಿ ಹದಿನಾರು ವರ್ಷಗಳಾಗಿದ್ದ ಈ ಸೊನಾಟ ಅದೇ 1763ರಲ್ಲಿ, ಬರ್ಲಿನ್ನಿನಿಂದ ಹೊರಡುತ್ತಿದ್ದ ಒಂದು ಸಂಗೀತ ವಾರಪತ್ರಿಕೆಯಲ್ಲಿ ಅಚ್ಚಾಯಿತು. ಮನೆಯಲ್ಲಿ ತಮ್ಮ ಸಂತೋಷಕ್ಕಾಗಿ ನುಡಿಸುವ ಗೃಹಸ್ಥರು ಕೊಳ್ಳುತ್ತಿದ್ದ ಪತ್ರಿಕೆ ಅದು. ಕೊಳಲೊಂದಿದ್ದರೆ ಸಾಕು, ಜೊತೆಗಾರರನ್ನು ಹುಡುಕಬೇಕಾಗಿಲ್ಲ.

1767ರಲ್ಲಿ ಟೆಲಿಮಾನನು ಹ್ಯಾಂಬರ್ಗಿನಲ್ಲಿ ತೀರಿಕೊಂಡಾಗ ತೆರವಾದ ಸ್ಥಾನಕ್ಕೆ ಎಮಾನುಯೆಲ್ ಬಾಖನು ನಿಯಮಿತನಾಗಿ, ದೊರೆಯ ಅಪ್ಪಣೆಯನ್ನು ಬಹಳ ಪ್ರಯಾಸದಿಂದ ಪಡೆದು, 1768ರಲ್ಲಿ ಪ್ರಷ್ಯಾದಿಂದ ಹೊರಟುಹೋದನು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಹ್ಯಾಂಬರ್ಗಿನಲ್ಲಿ ಗೌರವದಿಂದ ಬಾಳಿದನು. ದೊರೆಯು ಮುಪ್ಪಿನಲ್ಲಿ ಹಲ್ಲುಗಳನ್ನು ಕಳೆದುಕೊಂಡು ಕೊಳಲನ್ನು ಕೆಳಗಿಡಬೇಕಾಯಿತು. ಕೊಳಲು ಬಿಟ್ಟ ಮೇಲೆ ಸಂಗೀತವನ್ನೂ ಬಹುಮಟ್ಟಿಗೆ ಬಿಟ್ಟನು.

ಸಾನ್‌ಸೂಸಿಯ ಆ ಸಂಜೆಗಳನ್ನು ಆಡೋಲ್ಫ್ ಮೆಂಜೆಲ್ ಎಂಬ ಚಿತ್ರಗಾರನು ನೂರು ವರ್ಷಗಳ ಅನಂತರ, 1850ರಿಂದ 1852ರವರೆಗೆ, ದೊಡ್ಡ ಪಟವಾಗಿ ಬರೆದನು. ಅದರ ಪ್ರತಿಕೃತಿಯನ್ನು ತಾವು ಎಲ್ಲಿಯಾದರೂ ನೋಡಿರಬಹುದು. ಮೇಣದ ದೀಪಗಳ ಬೆಳಕಿನಲ್ಲಿ ದೊರೆಯು ನಿಂತು ಕೊಳಲೂದುತ್ತಿದ್ದಾನೆ. ಬಲಗಡೆಯ ಗೋಡೆಗೆ ಒರಗಿಕೊಂಡು ಕ್ವಾಂಟ್ಸನು ಕೇಳುತ್ತಿದ್ದಾನೆ. ಹಾರ್ಪ್ಸಿಕಾರ್ಡಿನ ಮುಂದೆ ಕುಳಿತ ಬಾಖನ ಕಣ್ಣು ದೊರೆಯ ಮೇಲಿದೆ, ಕೈ ಸ್ವರದ ಮೇಲಿದೆ. ಪಕ್ಕವಾದ್ಯದವನಾಗಿಯೇ ಚಿತ್ರದಲ್ಲಿ ಉಳಿದುಬಿಟ್ಟಿದ್ದಾನೆ.

ನಿಲಯದವರು ನನಗೆ ಕೊಟ್ಟ ವೇಳೆ ಮುಗಿಯುತ್ತ ಬಂತು. ನನ್ನ ಮಾತು ನಿಂತ ಮೇಲೆ ಆ ಸೊನಾಟದ ವಿಳಂಬಭಾಗವನ್ನು ಕೇಳಿಸುವುದಾಗಿ ಅವರು ಒಪ್ಪಿದ್ದಾರೆ. ಕೊಳಲು ಮೊದಲ ಸಲ ಕೆಳಕ್ಕೆ ಧುಮುಕಿ ಮೇಲಕ್ಕೆ ಬಂದಾಗ, ಬಿಟ್ಟು ಬಂದ ಆ ಮಂದ್ರಸ್ವರವನ್ನು ತಾವು ಹಿಡಿದುಕೊಂಡಿರಬೇಕೆಂದು ಬೇಡುತ್ತೇನೆ.